ಎತ್ತು ಏರಿಗೆ, ಕೋಣ ನೀರಿಗೆ: ಜೋಡಿ ಪೊಲೀಸರ ಸಿನಿಮಾ ನಡೆದು ಬಂದ ದಾರಿ



'ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು' ಎಂಬ ಗಾದೆಯನ್ನು ಮನೆಯ ಹಿರಿಯರಿಂದ ಕೇಳಿದ್ದೇವೆ. ಹೊಂದಿಕೆಯಿಲ್ಲದ ಇಬ್ಬರನ್ನು ಒಂದೇ ನೊಗಕ್ಕೆ ಕಟ್ಟಿದರೆ ಕೆಲಸ ಕೆಡುತ್ತದೆ ಎಂದು ಅದರ ಅರ್ಥ. ಆದರೆ ಪರದೆಯ ಮೇಲೆ ಅಂಥದ್ದೇ ಜೋಡಿ ಬಂದರೆ ನಾವು ಕಣ್ಣು ಮಿಟುಕಿಸದೆ ನೋಡುತ್ತೇವೆ. ಒಬ್ಬ ಪೊಲೀಸ್ ಮುಂಗೋಪಿ, ಇನ್ನೊಬ್ಬ ಶಾಂತ. ಮೊದಲರ್ಧ ಜಗಳ, ಕೊನೆಗೆ ಒಬ್ಬನಿಗಾಗಿ ಇನ್ನೊಬ್ಬ ಪ್ರಾಣ ಕೊಡಲೂ ಸಿದ್ಧ. ಈ ಕಥೆ ನಮಗೆ ಏಕೆ ಇಷ್ಟು ಹಿಡಿಸುತ್ತದೆ?

ಇದರ ಒಂದು ಬೇರು ಜಪಾನಿನಲ್ಲಿದೆ. 1949ರಲ್ಲಿ ಅಕಿರ ಕುರೊಸಾವ 'ಸ್ಟ್ರೇ ಡಾಗ್' ಚಿತ್ರ ಮಾಡಿದರು. ಯುದ್ಧದಿಂದ ಮರಳಿ ಪೊಲೀಸನಾದ ಯುವಕನ ಪಿಸ್ತೂಲನ್ನು ಕಿಕ್ಕಿರಿದ ಬಸ್ಸಿನಲ್ಲಿ ಕದಿಯುತ್ತಾರೆ. ಅವನಿಗೆ ಅವಮಾನ, ಆತುರ. ಜೊತೆಗೆ ಸಿಕ್ಕ ಹಿರಿಯ ಅಧಿಕಾರಿಯೋ ಅನುಭವಸ್ಥ, ಸಮಾಧಾನಿ. ಆತ ಯುವಕನನ್ನು ತನ್ನ ಮನೆಗೇ ಕರೆದೊಯ್ಯುತ್ತಾನೆ. ಅಲ್ಲಿ ಮಲಗಿದ್ದ ಮಕ್ಕಳನ್ನು ನೋಡಿದಾಗ, ತಾನು ಯಾರಿಗಾಗಿ ಕೆಲಸ ಮಾಡುತ್ತಿದ್ದೇನೆ ಎಂಬುದು ಯುವಕನಿಗೆ ಕಾಣುವಂತಿದೆ.

ಮುಂದೆ 1967ರಲ್ಲಿ ಅಮೆರಿಕದಲ್ಲಿ 'ಇನ್ ದ ಹೀಟ್ ಆಫ್ ದ ನೈಟ್' ಬಂತು. ಮಿಸಿಸಿಪ್ಪಿಯ ಸಣ್ಣ ಊರಿನಲ್ಲಿ ಒಂದು ಕೊಲೆಯಾಗುತ್ತದೆ. ರೈಲಿಗಾಗಿ ಕಾದು ಕುಳಿತಿದ್ದ ಕಪ್ಪು ವರ್ಣದ ಅಪರಿಚಿತನನ್ನು ಅನುಮಾನದ ಮೇಲೆ ಹಿಡಿದು ತರುತ್ತಾರೆ. ನೋಡಿದರೆ ಆತನೇ ಫಿಲಡೆಲ್ಫಿಯಾದ ನುರಿತ ಪೊಲೀಸ್ ಅಧಿಕಾರಿ! ಊರಿನ ಬಿಳಿಯ ಮುಖ್ಯಾಧಿಕಾರಿ ಮನಸ್ಸಿಲ್ಲದೆ ಅವನ ನೆರವು ಪಡೆಯಬೇಕಾಗುತ್ತದೆ.

ಪರದೆಯ ಹೊರಗಿನ ಕಥೆ ಇನ್ನೂ ಕಠಿಣ. ನಾಯಕ ಸಿಡ್ನಿ ಪಾಯ್ಟಿಯರ್ 1964ರಲ್ಲಿ ನಾಗರಿಕ ಹಕ್ಕುಗಳ ಕಾರ್ಯಕರ್ತರಿಗೆ ಹಣ ತಲುಪಿಸಲು ಗೆಳೆಯ ಹ್ಯಾರಿ ಬೆಲಾಫಾಂಟೆಯೊಡನೆ ಮಿಸಿಸಿಪ್ಪಿಗೆ ಹೋದಾಗ, ಜನಾಂಗದ್ವೇಷಿಗಳು ಅವರ ಕಾರನ್ನು ಬೆನ್ನಟ್ಟಿದ್ದರು. ಹಾಗಾಗಿ ಅಲ್ಲಿ ಚಿತ್ರೀಕರಣಕ್ಕೆ ಅವರು ಒಪ್ಪಲಿಲ್ಲ. ಹೆಚ್ಚಿನ ಭಾಗವನ್ನು ಉತ್ತರದ ಇಲಿನಾಯ್ ರಾಜ್ಯದಲ್ಲಿ ತೆಗೆದರು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಯಿತು. ಏಪ್ರಿಲ್ 8ಕ್ಕಿದ್ದ ಆಸ್ಕರ್ ಸಮಾರಂಭವನ್ನು 10ಕ್ಕೆ ಮುಂದೂಡಿದರು. ಆ ರಾತ್ರಿ ಈ ಚಿತ್ರಕ್ಕೆ ಶ್ರೇಷ್ಠ ಚಿತ್ರ ಸೇರಿ 5 ಪ್ರಶಸ್ತಿಗಳು ಬಂದವು. ಚಿತ್ರದ ಕೊನೆಯಲ್ಲಿ ಆ ಬಿಳಿಯ ಅಧಿಕಾರಿ ತಾನೇ ಅತಿಥಿಯ ಪೆಟ್ಟಿಗೆ ಹೊತ್ತು ರೈಲಿನವರೆಗೆ ಬರುತ್ತಾನೆ. ಉದ್ದ ಭಾಷಣವಿಲ್ಲ, ಅಪ್ಪುಗೆಯಿಲ್ಲ. ಆ ಪೆಟ್ಟಿಗೆಯೇ ಎಲ್ಲ ಹೇಳುತ್ತದೆ.

ಅನಂತರ ಈ ಜೋಡಿ ಮಾರುಕಟ್ಟೆಯ ಸರಕಾಯಿತು. 1982ರ '48 ಅವರ್ಸ್'ನಲ್ಲಿ ಪೊಲೀಸನ ಜೊತೆಗಾರ ಜೈಲಿನಿಂದ ಎರಡು ದಿನಕ್ಕೆ ಹೊರಬಂದ ಕೈದಿ. 1987ರ 'ಲೀಥಲ್ ವೆಪನ್'ನಲ್ಲಿ ಒಬ್ಬ ಪತ್ನಿಯನ್ನು ಕಳೆದುಕೊಂಡು ಸಾಯಲು ಹೊರಟವನು, ಇನ್ನೊಬ್ಬ 50 ತುಂಬಿದ ಸಂಸಾರಿ. ಮುಕ್ತಾಯದಲ್ಲಿ ಕ್ರಿಸ್‌ಮಸ್ ದಿನ ಆ ಒಂಟಿ ಮನುಷ್ಯನನ್ನು ಗೆಳೆಯ ತನ್ನ ಮನೆಯ ಊಟಕ್ಕೆ ಕರೆಯುತ್ತಾನೆ. 1998ರ 'ರಶ್ ಅವರ್'ನಲ್ಲಿ ಹಾಂಗ್‌ಕಾಂಗ್‌ನವನೂ ಲಾಸ್ ಏಂಜಲೀಸ್‌ನವನೂ ಜೊತೆಯಾದರು. 2016ರ 'ಝೂಟೋಪಿಯಾ' ಅದೇ ಕಥೆಯನ್ನು ಮೊಲ ಮತ್ತು ನರಿಯ ಮೂಲಕ ಮಕ್ಕಳಿಗೆ ಹೇಳಿತು.

ಒಂದು ಮಾತು ಮರೆಯಬಾರದು. ಇಂಥ ಎಷ್ಟೋ ಚಿತ್ರಗಳಲ್ಲಿ ಪೊಲೀಸರು ಕಾನೂನು ಮುರಿದರೂ, ಹೊಡೆದರೂ ನಾವು ಚಪ್ಪಾಳೆ ತಟ್ಟುತ್ತೇವೆ. ನಿಜ ಜೀವನದಲ್ಲಿ ಆ ಏಟು ಬೀಳುವುದು ಬಡವರ ಬೆನ್ನಿಗೆ. ಗುಂಡಿನ ಸದ್ದು ಸಿನಿಮಾ ಮುಗಿದೊಡನೆ ಮರೆತುಹೋಗಲಿ.

ನೆನಪಿನಲ್ಲಿ ಉಳಿಯಬೇಕಾದ್ದು ಬೇರೆ. ಈ ಜೋಡಿಗಳು ಒಬ್ಬರನ್ನೊಬ್ಬರು ಇಷ್ಟಪಟ್ಟು ಕೆಲಸ ಶುರು ಮಾಡಲಿಲ್ಲ. ಕೆಲಸ ಮಾಡುತ್ತಾ ಮಾಡುತ್ತಾ ಅರಿತರು. ಗಡಿನಾಡಿನಲ್ಲಿ ಎರಡು ಮೂರು ಭಾಷೆಗಳ ನಡುವೆ ಬೆಳೆಯುವ ನಮಗೆ ಇದು ಹೊಸದಲ್ಲ. ಶಾಲೆಯ ಬೆಂಚಿನಲ್ಲಿ, ಊರ ಹಬ್ಬದಲ್ಲಿ ನಮ್ಮಂತಲ್ಲದವರ ಪಕ್ಕ ನಿಂತವರೇ ನಾವೆಲ್ಲ. ಮುಂದಿನ ಸಲ ನಮ್ಮ ಜೊತೆಗೆ ಮನಸ್ಸಿಗೆ ಒಗ್ಗದವರೊಬ್ಬರು ಬಂದರೆ, ಮಾತಿನಲ್ಲಿ ಗೆಲ್ಲಲು ಹೋಗುವ ಮೊದಲು ಅವರ ಪೆಟ್ಟಿಗೆಗೆ ಒಂದು ಕೈ ಕೊಡೋಣವೇ?