ಜಾಲವಿನ್ಯಾಸ
ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಕ್ರಮ. ಹಳೆಯ ಬಸ್ ವಿನ್ಯಾಸದಲ್ಲಿ ಎಲ್ಲ ಯಂತ್ರಗಳೂ ಒಂದೇ ಕೋಆಕ್ಸಿಯಲ್ ಕೇಬಲ್ಲಿಗೆ ಜೋತುಬಿದ್ದಿರುತ್ತಿದ್ದವು. ತುದಿಯ ಟರ್ಮಿನೇಟರ್ ಕಳಚಿದರೆ ಇಡೀ ಜಾಲವೇ ಮಲಗುತ್ತಿತ್ತು. ಕಚೇರಿಗಳಲ್ಲಿ ಈಗ ಸಾಮಾನ್ಯವಾದುದು ನಕ್ಷತ್ರ ವಿನ್ಯಾಸ: ಪ್ರತಿ ಮೇಜಿನಿಂದ ಸ್ವಿಚ್ಚಿಗೆ ಒಂದು ತಾಮ್ರದ ಕೇಬಲ್, 100 ಮೀಟರ್ ಮೀರದಂತೆ. ಕೇಬಲ್ ಕೆಟ್ಟರೆ ಒಂದೇ ಮೇಜಿಗೆ ತೊಂದರೆ. ಸ್ವಿಚ್ಚೇ ಕೆಟ್ಟರೆ ಎಲ್ಲರಿಗೂ ರಜೆ. ಮನೆಮನೆಯ ಫೈಬರ್ ಮರದ ವಿನ್ಯಾಸದ್ದು. ಸ್ಪ್ಲಿಟರ್ ಒಂದು ಎಳೆಯ ಬೆಳಕನ್ನು ವಿದ್ಯುತ್ತಿಲ್ಲದೆಯೇ 32 ಮನೆಗಳಿಗೆ ಹಂಚಬಲ್ಲದು. ರಸ್ತೆ ಅಗೆತಕ್ಕೆ ಕೇಬಲ್ ತುಂಡಾಗುವುದು ಮಾಮೂಲಿಯಾದ ಕಡೆ, ಎರಡೂ ದಿಕ್ಕಿನಿಂದ ದಾರಿಯಿರುವ ಉಂಗುರ ವಿನ್ಯಾಸವೇ ಮೇಲು. ಗ್ರಾಮ ಪಂಚಾಯಿತಿಗಳನ್ನು ಜೋಡಿಸುವ 2023ರ ಪರಿಷ್ಕೃತ ಭಾರತ್‌ನೆಟ್ ಯೋಜನೆ ಅದನ್ನೇ ಆಯ್ದುಕೊಂಡಿದೆ.