ಮಂಗನ ಹೆಸರು, ಉಣುಗಿನ ಕೆಲಸ

ರೋಗಗಳಿಗೆ ಜನರು ಇಟ್ಟ ಹೆಸರುಗಳಲ್ಲಿ ಬಹುಮಟ್ಟಿಗೆ ಒಂದು ಚರಿತ್ರೆ ಅಡಗಿರುತ್ತದೆ. ಮಲೆನಾಡಿನ ನಾವು ‘ಮಂಗನ ಕಾಯಿಲೆ’ ಎಂದು ಕರೆಯುವ ಜ್ವರದ ಹೆಸರೂ ಅಂಥದೇ. ಬೆಂಗಳೂರಿನಲ್ಲೂ ಹೊರದೇಶಗಳಲ್ಲೂ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ಬೇಸಿಗೆ ಸಮೀಪಿಸಿದಂತೆ ಕೇಳುವ ಪ್ರಶ್ನೆ ಒಂದೇ: “ಸಾರ್, ಮಂಗಗಳು ಸಾಯುತ್ತಿವೆಯಂತೆ, ಮಕ್ಕಳನ್ನು ಕರೆದುಕೊಂಡು ಊರಿಗೆ ಬರಬಹುದೇ?” ಒಂದು ಮಾತಿನಲ್ಲಿ ಉತ್ತರಿಸುವುದಕ್ಕಿಂತ ಈ ಕಾಯಿಲೆಯ ಕಥೆಯನ್ನು ಮೊದಲಿನಿಂದ ಹೇಳುವುದೇ ಮೇಲೆಂದು ತೋರಿ ಈ ಬರಹಕ್ಕೆ ತೊಡಗಿದ್ದೇನೆ.

1957ರ ಬೇಸಿಗೆ. ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕು. ಅಲ್ಲಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ, ಅದರಲ್ಲೂ ಕಾಡಿಗೆ ಹೋಗಿಬರುವ ಜನರಲ್ಲಿ, ಇದ್ದಕ್ಕಿದ್ದಂತೆ ವಿಪರೀತ ಜ್ವರ, ಹಣೆ ಸಿಡಿಯುವಂಥ ತಲೆನೋವು, ಮೈಕೈ ನೋವು ಕಾಣಿಸಿಕೊಂಡವು. ಕೆಲವರಿಗೆ ಮೂಗು, ಒಸಡುಗಳಿಂದ ರಕ್ತ ಬಂತು. ಮೊದಲು ಮಂಗ ಸಾಯುತ್ತದೆ, ಆಮೇಲೆ ಮನುಷ್ಯ ಮಲಗುತ್ತಾನೆ ಎಂಬುದನ್ನು ಎಲ್ಲರಿಗಿಂತ ಮುಂಚೆ ಗಮನಿಸಿದವರು ಆ ಹಳ್ಳಿಗರು. ಜನರಿಟ್ಟ ಹೆಸರಿನಲ್ಲಿರುವುದು ಈ ಗಮನಿಕೆಯೇ. ಘಟನೆಗಳ ಕ್ರಮವನ್ನು ಅವರು ಸರಿಯಾಗಿಯೇ ಕಂಡಿದ್ದರು. ಕಾರಣ ಮಾತ್ರ ಬೇರೆಡೆ ಅಡಗಿತ್ತು.

ಮಂಗಗಳ ಸಾವಿನ ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ತಲುಪಿದಾಗ ಅಲ್ಲಿನವರು ಬೆಚ್ಚಿದರು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬಂದಾಗಲೂ ಮೊದಲು ಸಾಯುವುದು ಮಂಗಗಳೇ. ಭಾರತದಲ್ಲಿ ಎಂದೂ ಕಾಣದ ಆ ಪಿಡುಗು ಇಲ್ಲಿಗೂ ಬಂದಿತೇ ಎಂಬ ಭಯ ಅವರದು. 1952ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಆರಂಭವಾಗಿದ್ದ ಈ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದ ವಿಜ್ಞಾನಿಗಳು ಸೊರಬದ ಕಾಡಿಗೆ ಬಂದು ಸತ್ತ ಮಂಗಗಳನ್ನೂ ರೋಗಿಗಳ ರಕ್ತವನ್ನೂ ಪರೀಕ್ಷಿಸಿದರು. ದೊರೆತದ್ದು ಹಳದಿ ಜ್ವರದ ವೈರಾಣುವಲ್ಲ. ಸೈಬೀರಿಯದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮಿದುಳು ಜ್ವರದ ವೈರಾಣುವಿಗೆ ಹತ್ತಿರದ ನೆಂಟನಾದ ಒಂದು ಹೊಸ ವೈರಾಣು ಅದು. ಕಾಡಿನ ಹೆಸರೇ ರೋಗದ ಹೆಸರಾಯಿತು. ಸೊರಬದ ಒಂದು ಚಿಕ್ಕ ಊರಿನ ಹೆಸರು ಹೀಗೆ ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿತು.

ಸೈಬೀರಿಯದ ನೆಂಟಸ್ತಿಕೆ ತಿಳಿದೊಡನೆ, ಚಳಿಗಾಲದಲ್ಲಿ ಉತ್ತರದಿಂದ ವಲಸೆ ಬರುವ ಹಕ್ಕಿಗಳು ಮೈಮೇಲೆ ಉಣುಗುಗಳನ್ನು ಹೊತ್ತು ತಂದಿರಬಹುದೇ ಎಂಬ ಊಹೆ ಹುಟ್ಟಿತು. ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ನಡೆಸಿದ ವಲಸೆಯ ಅಧ್ಯಯನಕ್ಕೆ 1959ರಿಂದ ವಿಶ್ವ ಆರೋಗ್ಯ ಸಂಸ್ಥೆ ನೆರವಾದದ್ದು ಈ ಹಿನ್ನೆಲೆಯಲ್ಲಿಯೇ. ಹಕ್ಕಿಗಳ ಕುರಿತ ಜ್ಞಾನ ಅದರಿಂದ ಬಹಳವಾಗಿ ಬೆಳೆಯಿತು. ಆದರೆ ಕಾಯಿಲೆಯನ್ನು ಹಕ್ಕಿಗಳು ತಂದವೆಂಬ ಊಹೆಗೆ ಆಧಾರ ಸಿಗಲಿಲ್ಲ. ತೊಂದರೆಯ ಬೇರು ಹೊರಗಿನಿಂದ ಬಂದದ್ದಾಗಿರದೆ ನಮ್ಮ ಕಾಡಂಚಿನಲ್ಲಿಯೇ ಇತ್ತು.

ಇಲ್ಲಿ ಉಣುಗಿನ ಪರಿಚಯ ಮಾಡಿಕೊಡಬೇಕು. ನಮ್ಮ ಕಡೆ ಉಣುಗು, ಬಯಲುಸೀಮೆಯಲ್ಲಿ ಉಣ್ಣೆ ಅಥವಾ ಉಣ್ಣಿ. ಕೆಚ್ಚಲಿಗೆ ಕಚ್ಚಿಕೊಂಡರೂ ಹಾಲನ್ನು ಬಿಟ್ಟು ರಕ್ತವನ್ನೇ ಹೀರುವ ಜೀವಿಯೆಂದು ಹಿರಿಯರು ಇದನ್ನು ಉಪಮೆಗೆ ಬಳಸುತ್ತಿದ್ದರು. ಇದು ಕೀಟವಲ್ಲ, ಜೇಡ, ಚೇಳುಗಳ ಬಳಗಕ್ಕೆ ಸೇರಿದ ಎಂಟು ಕಾಲಿನ ಪ್ರಾಣಿ. ಬೆನ್ನ ಮೇಲೆ ಗಡುಸಾದ ಫಲಕವುಳ್ಳವು ಒಂದು ಪಂಗಡ, ಫಲಕವಿಲ್ಲದ ಮೆತ್ತನೆಯವು ಇನ್ನೊಂದು. ಕೋಳಿಗೂಡಿನ ಸಂದುಗಳಲ್ಲಿ ಅಡಗಿದ್ದು ರಾತ್ರಿ ಹೊರಬರುವವು ಮೆತ್ತನೆಯ ಪಂಗಡದವು. ದನದ ಮೈಯಲ್ಲಿ ಹರಳುಬೀಜದಂತೆ ಊದಿಕೊಂಡು ತೂಗುವವೂ ನಾಯಿಯ ಕಿವಿಯೊಳಗೆ ಕಂದುಬಣ್ಣದ ಗುಂಪಾಗಿ ಕೂರುವವೂ ಗಡುಸು ಪಂಗಡಕ್ಕೆ ಸೇರಿದವು. ದನದ ಉಣ್ಣೆ ಒಂದೇ ದನದ ಮೇಲೆ ಬೆಳೆದು ದೊಡ್ಡದಾಗುತ್ತದೆ. ಈ ಉಣ್ಣೆಗಳ ಮೂಲಕವೇ ದನಗಳಿಗೆ ಟೆಕ್ಸಾಸ್ ಜ್ವರ ಹರಡುತ್ತದೆಂದು ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲಿ ತೋರಿಸಿಕೊಟ್ಟರು. ಸೊಳ್ಳೆ ಮತ್ತು ಮಲೇರಿಯಾದ ಸಂಬಂಧವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ, ಅಂದರೆ ಅದಾದ ನಾಲ್ಕು ವರ್ಷಗಳ ಬಳಿಕ.

ಮಂಗನ ಕಾಯಿಲೆಯನ್ನು ಹರಡುವ ಮುಖ್ಯ ಉಣುಗು ಬೇರೆಯದು. ಹೆಮಾಫೈಸಾಲಿಸ್ ಸ್ಪಿನಿಜೆರಾ ಎಂಬುದು ಅದರ ಶಾಸ್ತ್ರೀಯ ಹೆಸರು. ಇದು ಒಂದೇ ಪ್ರಾಣಿಯನ್ನು ನೆಚ್ಚಿಕೊಂಡಿರುವುದಿಲ್ಲ. ಬಾಳಿನಲ್ಲಿ ಮೂರು ಬಾರಿ ಆಶ್ರಯ ಬದಲಿಸುತ್ತದೆ. ಮಳೆಗಾಲದಲ್ಲಿ ಬಲಿತ ಉಣುಗು ದನ, ಕಡವೆ, ಕಾಟಿಯಂಥ ದೊಡ್ಡ ಪ್ರಾಣಿಗಳ ರಕ್ತ ಹೀರಿ, ನೆಲಕ್ಕುದುರಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಮಳೆ ನಿಂತ ಮೇಲೆ ಹೊರಬರುವ ಆರು ಕಾಲಿನ ಮರಿಗಳು ಇಲಿ, ಹಕ್ಕಿ, ಮಂಗಗಳನ್ನು ಹಿಡಿಯುತ್ತವೆ. ಆ ಪ್ರಾಣಿಗಳ ರಕ್ತದಲ್ಲಿ ವೈರಾಣು ಇದ್ದರೆ ಮರಿಗೂ ಅದು ಸೇರುತ್ತದೆ. ಪೊರೆ ಕಳಚಿದ ಮೇಲೆ ಅದು ಎಂಟು ಕಾಲಿನ ಎಳೆಯ ಉಣುಗು, ಗಾತ್ರದಲ್ಲಿ ಗಸಗಸೆ ಕಾಳಿಗಿಂತ ತುಸು ದೊಡ್ಡದು. ಡಿಸೆಂಬರಿನಿಂದ ಮೇ ತಿಂಗಳವರೆಗೆ ತರಗೆಲೆಗಳ ನಡುವೆ ಕಾದಿದ್ದು ಮನುಷ್ಯನನ್ನು ಕಚ್ಚುವುದು ಈ ಎಳೆಯ ಉಣುಗೇ. ಮಂಗನೂ ನಮ್ಮಂತೆಯೇ ಕಚ್ಚಿಸಿಕೊಳ್ಳುವ ಪ್ರಾಣಿ. ಕಾಯಿಲೆಯಿಂದ ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳೆಲ್ಲ ಉದುರಿ ಸುತ್ತಲಿನ ನೆಲದಲ್ಲಿ ಹರಡುತ್ತವೆ. ಮಂಗ ಸತ್ತ ಜಾಗ ಅಪಾಯಕರವಾಗುವುದು ಹೀಗೆ. ಮನುಷ್ಯನಿಂದ ಮನುಷ್ಯನಿಗಂತೂ ಇದು ಹರಡುವುದಿಲ್ಲ. ಆದ್ದರಿಂದ ಕಾಯಿಲೆ ಬಿದ್ದವರ ಮನೆಯ ಬಾಗಿಲಿಗೆ ಹೋಗಲು ಹೆದರಬೇಕಾದ್ದಿಲ್ಲ.

ಹಾಗಾದರೆ ಉಣುಗು ಇಷ್ಟೊಂದು ಹೆಚ್ಚಿದ್ದೇಕೆ? ಈ ಪ್ರಶ್ನೆಯನ್ನು ಆಳವಾಗಿ ಅರಸಿದವರಲ್ಲಿ ಹೊರ್ಹೆ ಬೊಶೆಲ್ ಒಬ್ಬರು. ಕೊಲಂಬಿಯದ ಕಾಡುಗಳಲ್ಲಿ ಹಳದಿ ಜ್ವರವನ್ನು ಅಭ್ಯಸಿಸಿದ್ದ ಅವರು ಮಲೆನಾಡಿನಲ್ಲಿ ಕೆಲಸ ಮಾಡಿ 1969ರಲ್ಲಿ ತಮ್ಮ ವಿಚಾರಗಳನ್ನು ಪ್ರಕಟಿಸಿದರು. ಅದರ ಸಾರ ಇಷ್ಟು: ಜನ ಹೆಚ್ಚಿದರು, ಕಾಡು ಕಡಿದು ಗದ್ದೆಯಾಯಿತು, ದನಗಳು ಕಾಡಂಚಿಗೆ ಮೇಯಲು ಹೋದವು. ಬಲಿತ ಉಣುಗಿಗೆ ದನ ಹೇರಳವಾದ ಆಹಾರವಾಯಿತು. ದನ ಓಡಾಡಿದಲ್ಲೆಲ್ಲ ಮೊಟ್ಟೆ ಬಿದ್ದವು. ಬಹುಕಾಲದಿಂದ ಕಾಡಿನೊಳಗೆ ಸದ್ದಿಲ್ಲದೆ ಇದ್ದ ವೈರಾಣುವಿಗೆ ಹೀಗೆ ಊರಿನ ದಾರಿ ತೆರೆಯಿತು. ಮಂಗ ಅಪರಾಧಿಯಲ್ಲ, ಮೊದಲು ಬಲಿಯಾಗಿ ನಮಗೆ ಸುದ್ದಿ ಮುಟ್ಟಿಸುವ ಪ್ರಾಣಿ.

ಅನಂತರದ ಚರಿತ್ರೆಯಲ್ಲೂ ಈ ಮಾತಿಗೆ ಪುಷ್ಟಿ ಸಿಗುತ್ತದೆ. 1982-83ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ, ಗೇರು ನೆಡುತೋಪಿಗಾಗಿ ಕಾಡು ಕಡಿದ ಪ್ರದೇಶದಲ್ಲಿ, ಕಾಯಿಲೆ ಭೀಕರವಾಗಿ ಎದ್ದಿತು. ಸಾವಿರಕ್ಕೂ ಮಿಕ್ಕಿದ ಜನ ಹಾಸಿಗೆ ಹಿಡಿದರು, ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. 2012ರ ಕೊನೆಗೆ ಬಂಡೀಪುರದಲ್ಲಿ, ಆಮೇಲೆ ಕೇರಳದ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿ ಕಾಣಿಸಿಕೊಂಡಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಪಟ್ಟ ಪಾಡು ನಿಮ್ಮಲ್ಲಿ ಹಲವರಿಗೆ ನೆನಪಿದ್ದೀತು.

ಈ ಅಂಕಿಗಳ ಹಿಂದೆ ಮುಖಗಳಿವೆ. ನಾನು ಪಾಠ ಹೇಳುತ್ತಿದ್ದ ಕಾಡಂಚಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಫೆಬ್ರುವರಿ, ಮಾರ್ಚ್ ತಿಂಗಳ ಪುಟಗಳಲ್ಲಿ ಗೈರುಹಾಜರಿಯ ಗುರುತುಗಳೇ ಹೆಚ್ಚು. ಕೊಟ್ಟಿಗೆಗೆ ಹಾಸಲು ತರಗೆಲೆ ಗುಡಿಸಿ ತರುವ ಕಾಲ ಅದು. ತಾಯಂದಿರ ಜೊತೆ ಮಕ್ಕಳೂ ಹೋಗುತ್ತಿದ್ದರು. ಏಳನೆಯ ತರಗತಿಯ ಹುಡುಗನೊಬ್ಬ ಜ್ವರ ಬಿಟ್ಟು ತಿಂಗಳಾದ ಮೇಲೆ ಶಾಲೆಗೆ ಬಂದ. ಕೈ ನಡುಗುತ್ತಿದ್ದುದರಿಂದ ಅವನಿಗೆ ಪೆನ್ನು ಹಿಡಿಯಲಾಗುತ್ತಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದವನು ಯಾರೂ ಹೇಳದೆಯೇ ಅವನ ನೋಟುಪುಸ್ತಕವನ್ನೂ ಬರೆದುಕೊಟ್ಟ. ಹುಡುಗ ಚೇತರಿಸಿಕೊಂಡ, ಅದೇ ಕಾಡಿಗೆ ಹೋಗಿದ್ದ ಅವನ ತಾಯಿ ಉಳಿಯಲಿಲ್ಲ. ತಾಯಿ ಸತ್ತದ್ದು ಮಂಗನಿಂದ ಎಂದು ನಂಬಿದ್ದ ಅವನು ಅಂಗಳಕ್ಕೆ ಬಂದ ಮಂಗಗಳಿಗೆ ಕಲ್ಲು ಹೊಡೆಯುತ್ತಿದ್ದ. ಆದರೆ ತರಗೆಲೆ ತರಲು ಕಾಡಿಗೆ ಹೋಗುವುದನ್ನು ಮಾತ್ರ ಆ ಮನೆಯವರು ಬಿಡುವಂತಿರಲಿಲ್ಲ. ಹೆಸರೊಂದು ನಮ್ಮ ಭಯವನ್ನು ಸಲ್ಲದ ಕಡೆಗೆ ತಿರುಗಿಸಿದರೆ ಆಗುವ ಹಾನಿ ಇದು.

ಲಸಿಕೆಯ ಕಥೆಯೂ ಸುಖಾಂತವಲ್ಲ. ಆರಂಭದಲ್ಲಿ ಸೈಬೀರಿಯದ ರೋಗಕ್ಕಾಗಿ ತಯಾರಾದ ಲಸಿಕೆಯನ್ನು ಪ್ರಯೋಗಿಸಿದರೂ ಫಲ ಸಿಗಲಿಲ್ಲ. ಬಳಿಕ ನಮ್ಮ ವೈರಾಣುವಿನಿಂದಲೇ ಸಿದ್ಧಪಡಿಸಿದ ಲಸಿಕೆಯನ್ನು ರಾಜ್ಯದಲ್ಲಿ 1990ರಿಂದ ದಶಕಗಳ ಕಾಲ ಕೊಟ್ಟರು. ಒಂದು ತಿಂಗಳ ಅಂತರದಲ್ಲಿ ಎರಡು ಸೂಜಿ, ಆಮೇಲೆ ವರ್ಷವರ್ಷವೂ ಮತ್ತೊಂದು. ನೋವು ಹೆಚ್ಚೆಂದು ಜನ ಹಿಂದೆಗೆಯುತ್ತಿದ್ದರು. ರಕ್ಷಣೆಯೂ ಕ್ರಮೇಣ ಕುಂದಿತು. 2022ರಲ್ಲಿ ಅದರ ಬಳಕೆಯೇ ನಿಂತಿತು. ಹೊಸ ಲಸಿಕೆಗಾಗಿ ಪ್ರಯತ್ನಗಳು ನಡೆದಿವೆ. ಈ ವೈರಾಣುವನ್ನೇ ಕೊಲ್ಲುವ ಔಷಧಿಯೂ ಇಲ್ಲ. ಲಕ್ಷಣಗಳಿಗೆ ತಕ್ಕ ಆರೈಕೆಯೇ ಚಿಕಿತ್ಸೆ. ಕಾಯಿಲೆ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆಂಬುದನ್ನು ನೆನೆದರೆ, ಉಣುಗು ಕಚ್ಚದಂತೆ ನೋಡಿಕೊಳ್ಳುವುದೇ ನಮಗಿರುವ ದೊಡ್ಡ ರಕ್ಷೆ.

ಆದ್ದರಿಂದ ಊರಿಗೆ ಬರುವವರಿಗೆ ಹಳೆಯ ಮೇಷ್ಟ್ರ ಕೆಲವು ಮಾತುಗಳು. ಡಿಸೆಂಬರಿನಿಂದ ಮೇವರೆಗೆ ಕಾಡಿಗೋ ಸೊಪ್ಪಿನಬೆಟ್ಟಕ್ಕೋ ಹೋಗುವುದಾದರೆ ಮೈತುಂಬ ಬಟ್ಟೆ ತೊಡಿ. ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿ. ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಡೆಪಾ ತೈಲವನ್ನು ಕೈಕಾಲುಗಳಿಗೆ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಕಂಕುಳು, ತೊಡೆಸಂದು, ಮೊಣಕಾಲ ಹಿಂಭಾಗ, ಕಿವಿಯ ಹಿಂದೆ, ಕೂದಲಿನ ಬುಡ ಇವಿಷ್ಟನ್ನು ತಪ್ಪದೆ ನೋಡಿಕೊಳ್ಳಿ. ಉಣುಗು ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ, ಸುಣ್ಣ, ಊದಿನಕಡ್ಡಿಯ ಕೆಂಡ ಯಾವುದೂ ಬೇಡ. ಚೂಪಾದ ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರದಲ್ಲಿ ಅದನ್ನು ಹಿಡಿದು, ತಿರುಚದೆ, ನಿಧಾನವಾಗಿ ನೇರ ಮೇಲಕ್ಕೆ ಎಳೆಯಿರಿ. ಬೆರಳಲ್ಲಿ ಹಿಸುಕಬೇಡಿ. ಕಚ್ಚಿದ ಜಾಗವನ್ನೂ ಕೈಯನ್ನೂ ಸೋಪಿನಿಂದ ತೊಳೆಯಿರಿ. ಮುಂದಿನ ಹತ್ತು ದಿನಗಳೊಳಗೆ ಜ್ವರ ಬಂದರೆ, ಅದು ಬೆಂಗಳೂರಿಗೆ ಮರಳಿದ ಮೇಲಾದರೂ ಸರಿ, ಮಲೆನಾಡಿನ ಕಾಡಿಗೆ ಹೋಗಿದ್ದೆನೆಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹತ್ತಿರವೂ ಹೋಗಬೇಡಿ. ಪಂಚಾಯಿತಿಗೋ ಆರೋಗ್ಯ ಕೇಂದ್ರಕ್ಕೋ ಸುದ್ದಿ ಕೊಡಿ. ಬದುಕಿರುವ ಮಂಗಕ್ಕೆ ಕಲ್ಲನ್ನೂ ಹೊಡೆಯಬೇಡಿ. ನಿಮ್ಮ ತೋಟಕ್ಕೆ ಬರುವ ಕೂಲಿಯವರಿಗೆ, ದನ ಮೇಯಿಸುವವರಿಗೆ, ತರಗೆಲೆ ತರುವ ಹೆಂಗಸರಿಗೆ ಒಂದು ಬಾಟಲಿ ತೈಲವನ್ನು ನೀವೇ ತಂದುಕೊಟ್ಟರೆ ಇನ್ನೂ ಸಂತೋಷ. ನಾವು ನಾಲ್ಕು ದಿನ ಇದ್ದು ಹೋಗುವವರು. ಅವರು ಆರು ತಿಂಗಳೂ ಉಣುಗಿನ ನಡುವೆಯೇ ದುಡಿಯುವವರು.