ಹೂಳು ಗೆದ್ದ ಕೋಟೆ

ಫ್ರಾನ್ಸಿನ ಪಶ್ಚಿಮ ಕರಾವಳಿಯಲ್ಲಿ, ಶಾರಾಂತ್ ನದಿಯ ಅಳಿವೆಗೂ ಅದರ ದಕ್ಷಿಣಕ್ಕಿರುವ ಸೆದ್ರ್ ನದಿಯ ಅಳಿವೆಗೂ ನಡುವೆ, ಕಣ್ಣು ಹಾಯುವವರೆಗೆ ಸಮತಟ್ಟಾದ ಜೌಗುನೆಲ ಹಬ್ಬಿದೆ. ಆ ಬಯಲಿನ ನಡುವೆ ಚೌಕಾಕಾರದ ಒಂದು ಕೋಟೆ. ಊರಿನ ಹೆಸರು ಬ್ರುವಾಜ್. ಹಡಗುಗಳನ್ನು ಕಾಯಲೆಂದು ಕಟ್ಟಿದ ಈ ಕೋಟೆಯ ಹೊರಗೆ ಇಂದು ದನ ಮೇಯುತ್ತವೆ. ಕಡಲು ಎರಡು ಮೂರು ಕಿಲೋಮೀಟರ್ ಆಚೆಗೆ ಸರಿದುಹೋಗಿದೆ. ದಂಡೆತ್ತಿ ಬಂದವರು ಹಲವರು. ಗೆದ್ದವರೂ ಇದ್ದಾರೆ, ಸೋತವರೂ ಇದ್ದಾರೆ. ಆದರೆ ಬ್ರುವಾಜನ್ನು ಮುಗಿಸಿದವರು ಅವರಲ್ಲಿ ಯಾರೂ ಅಲ್ಲ.

ಕಥೆ ಶುರುವಾಗುವುದು ಉಪ್ಪಿನಿಂದ. ಈಗ ಹುಲ್ಲುಗಾವಲಾಗಿರುವ ನೆಲ ಒಂದು ಕಾಲಕ್ಕೆ ಕೊಲ್ಲಿ. ಉಬ್ಬರದ ನೀರನ್ನು ತೂಬಿನಿಂದ ಒಳಗೆ ಬಿಟ್ಟುಕೊಂಡು, ಮೊದಲು ಆಳದ ಕೊಳದಲ್ಲಿ ನಿಲ್ಲಿಸಿ, ಅಲ್ಲಿಂದ ಒಂದಕ್ಕಿಂತ ಒಂದು ತೆಳುವಾದ ಮಡಿಗಳಿಗೆ ಹರಿಸಿ, ಬಿಸಿಲಿಗೂ ಗಾಳಿಗೂ ಒಪ್ಪಿಸಿ ಉಪ್ಪು ತೆಗೆಯುವ ವಿದ್ಯೆ ಇಲ್ಲಿಯವರಿಗೆ ನಡುಗಾಲದಿಂದಲೂ ಗೊತ್ತಿತ್ತು. ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಳದ ಜೇಡಿ ನೀರನ್ನು ಇಂಗಗೊಡದು. ಪಡುವಣ ಗಾಳಿ ಬಿಡದೆ ಬೀಸುತ್ತದೆ. ಉಪ್ಪಿಗೆ ಇನ್ನೇನು ಬೇಕು? ಮಂಜುಗಡ್ಡೆಯ ಪೆಟ್ಟಿಗೆಯಿಲ್ಲದ ಆ ಯುಗದಲ್ಲಿ ಉತ್ತರ ಸಮುದ್ರದ ಹೆರಿಂಗ್ ಮೀನೂ, ಆಮೇಲೆ ನ್ಯೂಫೌಂಡ್‌ಲ್ಯಾಂಡಿನ ಕಾಡ್ ಮೀನೂ ಕೆಡದೆ ಉಳಿಯಬೇಕಾದರೆ ಉಪ್ಪೇ ಗತಿ. ಅದಕ್ಕಾಗಿ ಫ್ಲಾಂಡರ್ಸಿನಿಂದ, ಹಾಲೆಂಡಿನಿಂದ, ಬಾಲ್ಟಿಕ್ ತೀರದ ಹಾನ್ಸಾ ವರ್ತಕ ಕೂಟದ ಪಟ್ಟಣಗಳಿಂದ ಹಡಗುಗಳು ಬರುತ್ತಿದ್ದವು.

ಈ ಉಪ್ಪಿನ ಮೇಲೆ ಅರಸನಿಗೂ ಕಣ್ಣಿತ್ತು. ಗಬೆಲ್ ಎಂಬ ಉಪ್ಪಿನ ಸುಂಕವನ್ನು ಈ ಸೀಮೆಯ ಮೇಲೂ ಹೇರಹೊರಟಾಗ 1548ರಲ್ಲಿ ಸೆಂತೋಂಜ್ ಪ್ರಾಂತದ ರೈತರು ದಂಗೆಯೆದ್ದರು. ಅರಸ ಎರಡನೆಯ ಆನ್ರಿ ದಂಗೆಯನ್ನು ಕ್ರೂರವಾಗಿ ತುಳಿದ. ಆದರೆ ಕೆಲವೇ ವರ್ಷಗಳಲ್ಲಿ ದೊಡ್ಡ ಮೊತ್ತವೊಂದನ್ನು ಇಡಿಗಂಟಾಗಿ ಪಡೆದು ಸುಂಕವನ್ನು ಬಿಟ್ಟುಕೊಟ್ಟ. ಸೋತವರೇ ಹಣ ತೆತ್ತು ಗೆಲುವನ್ನು ಕೊಂಡುಕೊಂಡ ವಿಚಿತ್ರ ವ್ಯವಹಾರ ಅದು.

ಉಪ್ಪು ಕೊಳ್ಳಲು ಬರುವ ಹಡಗು ಬರಿದಾಗಿ ಬರುವಂತಿಲ್ಲ. ಬಂದರೆ ಅಲೆಗೆ ಮಗುಚುತ್ತದೆ. ಆದ್ದರಿಂದ ಒಡಲಲ್ಲಿ ಭಾರದ ಕಲ್ಲು ತುಂಬಿಕೊಂಡು ಬಂದು, ಅದನ್ನು ಇಲ್ಲಿ ಸುರಿದು, ಉಪ್ಪು ತುಂಬಿಕೊಂಡು ಹೋಗುತ್ತಿತ್ತು. ಹೀಗೆ ಸುರಿದ ಪರದೇಶದ ಕಲ್ಲುಗಳು ಜೌಗಿನ ನಡುವೆ ದಿಬ್ಬವಾಗಿ ಎದ್ದವು. ಆ ದಿಬ್ಬದ ಮೇಲೆ 1555ರಲ್ಲಿ ಜಾಕ್ ದ ಪೋಂಸ್ ಎಂಬ ಸೀಮೆಯೊಡೆಯ ಊರು ಕಟ್ಟಿಸಿ ತನ್ನದೇ ಹೆಸರಿಟ್ಟ: ಜಾಕೋಪೊಲಿಸ್. ಹೆಸರು ಬಹುಕಾಲ ಬಾಳಲಿಲ್ಲ.

ಮುಂದಿನದು ಮತಯುದ್ಧಗಳ ಕಾಲ. ಉತ್ತರಕ್ಕೆ ಲಾ ರೋಶೆಲ್ ಪ್ರಾಟೆಸ್ಟಂಟರ ಬಲವಾದ ನೆಲೆ. ಬ್ರುವಾಜ್ ಅದರ ಎದುರಾಳಿ. 1577ರಲ್ಲಿ ಮಾಯೆನ್ನಿನ ಡ್ಯೂಕ್ ಮುತ್ತಿಗೆ ಹಾಕಿ ಊರನ್ನು ಕ್ಯಾಥೊಲಿಕರ ವಶಕ್ಕೆ ತಂದ. ಮರುವರ್ಷ ಅದು ಅರಸನ ಸ್ವತ್ತಾಯಿತು. 1586ರಲ್ಲಿ ಲಾ ರೋಶೆಲ್‌ನವರು ಸೇಡು ತೀರಿಸಿಕೊಂಡದ್ದು ಫಿರಂಗಿಯಿಂದಲ್ಲ. ಕಲ್ಲು ತುಂಬಿದ ಹಳೆಯ ಹಡಗುಗಳನ್ನು ತಂದು ಬಂದರಿನ ಕಾಲುವೆಯಲ್ಲೇ ಮುಳುಗಿಸಿದರು. ಆ ಹಡಗುಗಳ ಸುತ್ತ ಕೆಸರು ಕೂರತೊಡಗಿತು. ಬ್ರುವಾಜಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ದಿನ ಇನ್ನೊಂದಿಲ್ಲವೆಂದು ನನ್ನ ಎಣಿಕೆ. ಚರಿತ್ರೆಕಾರರು ಮಾತ್ರ ಕಾರ್ಡಿನಲ್‌ಗಳಿಗೂ ರಾಜಕುವರಿಯರಿಗೂ ಹೆಚ್ಚು ಪುಟ ಕೊಡುತ್ತಾರೆ.

ಈ ಕದನಗಳ ನಡುವೆ ಬೆಳೆದವನು ಸಾಮ್ಯುಯೆಲ್ ಶಾಂಪ್ಲೇನ್. 1603ರ ತನ್ನ ಮೊದಲ ಕೆನಡಾ ಯಾನದ ಪುಸ್ತಕದ ಮುಖಪುಟದಲ್ಲೇ ಅವನು ತನ್ನನ್ನು ಬ್ರುವಾಜಿನವನೆಂದು ಕರೆದುಕೊಂಡ. 1608ರಲ್ಲಿ ಸೇಂಟ್ ಲಾರೆನ್ಸ್ ನದಿಯ ದಡದಲ್ಲಿ ಕ್ವಿಬೆಕ್ ಪಟ್ಟಣಕ್ಕೆ ಅಡಿಗಲ್ಲಿಟ್ಟವನು ಇವನೇ. ಅವನು ಹುಟ್ಟಿದ ವರ್ಷದ ಬಗೆಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ಇತ್ತೀಚೆಗೆ ಲಾ ರೋಶೆಲ್‌ನ ದಾಖಲೆಗಳಲ್ಲಿ 1574ರ ಜ್ಞಾನಸ್ನಾನದ ನಮೂದೊಂದು ಸಿಕ್ಕಿ, ಊರಿನ ಬಗೆಗೂ ಜಗಳ ಹುಟ್ಟಿತು. ಬ್ರುವಾಜಿನವರು ಅದಕ್ಕೆ ಸೊಪ್ಪು ಹಾಕಿದಂತಿಲ್ಲ: ಊರ ಇಗರ್ಜಿಯ ಬಣ್ಣದ ಗಾಜಿನ ಕಿಟಕಿಗಳಲ್ಲಿ ಇಂದಿಗೂ ಅವನ ಕೆನಡಾ ಮೆರೆಯುತ್ತದೆ.

1627ರಲ್ಲಿ ಅರಸನ ಮಂತ್ರಿ ಕಾರ್ಡಿನಲ್ ರಿಶೆಲ್ಯೂ ಲಾ ರೋಶೆಲ್‌ಗೆ ಮುತ್ತಿಗೆ ಹಾಕಿದಾಗ ಬ್ರುವಾಜಿನ ಅಧಿಕಾರವೂ ಅವನ ಕೈಗೆ ಬಂದಿತ್ತು. 1628ರ ಅಕ್ಟೋಬರಿನಲ್ಲಿ ಹಸಿವಿನಿಂದ ಕಂಗೆಟ್ಟ ಆ ಪಟ್ಟಣ ಶರಣಾಯಿತು. ಆಗ ರಿಶೆಲ್ಯೂ ಈ ಕರಾವಳಿಯ ರಾಜಬಂದರನ್ನಾಗಿ ಬ್ರುವಾಜನ್ನು ಆರಿಸಿಕೊಂಡ. ಪಿಯೆರ್ ದ ಕೋಂತಿ ದಾರ್ಜಾಂಕೂರ್ ಎಂಬ ಎಂಜಿನಿಯರ್ 1630ರಿಂದ 1640ರವರೆಗೆ ದುಡಿದು ಕಟ್ಟಿಸಿದ ಗೋಡೆಗಳೇ ಇಂದು ನಾವು ಕಾಣುವವು. ಸುತ್ತಳತೆ ಸುಮಾರು 2 ಕಿಲೋಮೀಟರ್. ಗೋಡೆಯ ತಲೆಯ ಮೇಲೆ ಹುಲ್ಲು ಬೆಳೆದ ದಾರಿಯಿದೆ. ನಿಧಾನವಾಗಿ ಸುತ್ತಿದರೂ ಗಂಟೆ ಹಿಡಿಯದು. ಕೊತ್ತಲಗಳ ಮೂಲೆಯಿಂದ ಹೊರಚಾಚಿದ ಕಲ್ಲಿನ ಕಾವಲುಗೂಡುಗಳಲ್ಲಿ ಒಬ್ಬ ಸಿಪಾಯಿ ನಿಲ್ಲುವಷ್ಟೇ ಜಾಗ. ಗೋಡೆಯ ಅಡಿಯಲ್ಲಿ ಕಮಾನಿನ ಬಾಯಿಗಳುಂಟು: ಸಣ್ಣ ದೋಣಿಗಳು ಹೊರಗಿನಿಂದ ಗುಟ್ಟಾಗಿ ಒಳಸೇರಲು ಮಾಡಿದ ದಾರಿ. ರಾಜದ್ವಾರದ ಗೋಡೆಗಳ ಮೇಲೆ ಯಾರೋ ಮೊಳೆಯ ತುದಿಯಿಂದಲೋ ಚಾಕುವಿನಿಂದಲೋ ಗೀಚಿದ ಹಡಗಿನ ಚಿತ್ರಗಳಿವೆ. ಹಗ್ಗ, ಪಟ, ಕಂಬ ಎಲ್ಲವೂ ಲೆಕ್ಕಕ್ಕೆ ಸರಿಯಾಗಿವೆ; ಹಡಗನ್ನು ಬಲ್ಲ ಕೈಯೇ ಸೈ. ಊರ ಒಳಗೆ 1631ರ ಆಹಾರದ ಉಗ್ರಾಣ, ಮದ್ದಿನಮನೆ, ಕಮ್ಮಾರಸಾಲೆ. ಬೀದಿಗಳು ದಾರ ಹಿಡಿದು ಎಳೆದಷ್ಟು ನೇರ.

ಇನ್ನು ಅರಸನ ಪ್ರೇಮಕಥೆ. ಹದಿನಾಲ್ಕನೆಯ ಲೂಯಿ ತನ್ನ ಮಂತ್ರಿ ಮಜಾರಿನ್‌ನ ಸೋದರ ಸೊಸೆ ಮಾರಿ ಮಾಂಚೀನಿಗೆ ಮನಸೋತಿದ್ದ. ಸ್ಪೇನಿನ ಜೊತೆ ಸಂಧಿಯಾಗಬೇಕಿದ್ದ ಹೊತ್ತು ಅದು. ಅರಸನಿಗೆ ಸ್ಪೇನಿನ ರಾಜಕುಮಾರಿಯನ್ನೇ ತರಬೇಕು. 1659ರಲ್ಲಿ ಮಜಾರಿನ್ ತನ್ನ ಸೊಸೆಯನ್ನು ಈ ಜೌಗಿನ ಕೋಟೆಗೆ ಸಾಗಹಾಕಿದ. 1660ರ ಜೂನಿನಲ್ಲಿ ಸ್ಯಾಂ ಜಾಂ ದ ಲ್ಯೂಜ್‌ನಲ್ಲಿ ಮದುವೆಯಾಗಿ ಹಿಂದಿರುಗುವಾಗ ಅರಸ ದಾರಿ ಬಿಟ್ಟು ಬ್ರುವಾಜಿಗೆ ಬಂದ. ಮಾರಿ ಅಷ್ಟರಲ್ಲಿ ಹೊರಟುಹೋಗಿದ್ದಳು. ಮಾರ್ಗದರ್ಶಿಗಳು ಇದನ್ನು ಕಣ್ಣೀರು ಸೇರಿಸಿ ಹೇಳುತ್ತಾರೆ. ನನಗೆ ಹೆಚ್ಚು ನೆನಪಾಗುವುದು ಮಜಾರಿನ್‌ನ ಲೆಕ್ಕಾಚಾರ: ಮನೆಯ ಹೆಣ್ಣು ಮಹಾರಾಣಿಯಾಗುವ ಅವಕಾಶವನ್ನು ಸಂಧಿಗಾಗಿ ಕೈಬಿಟ್ಟ ಮಂತ್ರಿಗಳು ಎಷ್ಟು ಮಂದಿ?

ಅರಸ ಬಂದು ಹೋದ ಆರು ವರ್ಷಕ್ಕೆ, 1666ರಲ್ಲಿ, ಅವನ ಮಂತ್ರಿ ಕೊಲ್ಬೇರ್ ಹೊಸ ನೌಕಾನೆಲೆಯನ್ನು ಶಾರಾಂತ್ ದಂಡೆಯ ರೋಶ್‌ಫೋರ್‌ನಲ್ಲಿ ಶುರುಮಾಡಿದ. ಬ್ರುವಾಜ್ ಏಕೆ ಬೇಡವಾಯಿತು ಎಂಬುದಕ್ಕೆ ಉತ್ತರ ಕಾಲುವೆಯ ಕೆಸರಿನಲ್ಲೇ ಇತ್ತು. ಕೊಲ್ಲಿಯಲ್ಲಿ ಒಡ್ಡು ಹಾಕಿ ಹಾಕಿ ಉಪ್ಪಿನ ಮಡಿ ಮಾಡಿದಷ್ಟೂ ಉಬ್ಬರದ ನೀರು ಹರಡುವ ಜಾಗ ಕುಗ್ಗಿತು. ಹರಡುವ ನೀರು ಕಡಿಮೆಯಾದರೆ ಇಳಿತದಲ್ಲಿ ಹಿಂದಿರುಗುವ ಸೆಳೆತವೂ ಕಡಿಮೆ. ಕೆಸರನ್ನು ಕಡಲಿಗೆ ಒಯ್ಯುವವರಿಲ್ಲ. ಸುರಿದ ಕಲ್ಲು, ಮುಳುಗಿಸಿದ ಹಡಗು ಎಲ್ಲವೂ ಅದಕ್ಕೆ ನೆರವಾದವು. ಊರನ್ನು ಸಾಕಿದ ಉಪ್ಪೇ ಊರ ಬಂದರನ್ನು ಮುಚ್ಚಿತು.

ಇಂದು ಈ ಊರನ್ನು ನೋಡಹೊರಟರೆ ರೋಶ್‌ಫೋರ್‌ನಿಂದ ಬ್ರುವಾಜಿಗೆ ಸೈಕಲ್ಲಿನಲ್ಲಿ ಸುಮಾರು 20 ಕಿಲೋಮೀಟರ್. ಬ್ರಿಟನಿಯ ರೋಸ್ಕೋಫ್‌ನಿಂದ ಸ್ಪೇನಿನ ಗಡಿಯವರೆಗೆ 1,200 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಸಾಗುವ ವೆಲೋದಿಸ್ಸೆ ಸೈಕಲ್ ಹಾದಿಯ ತುಣುಕದು. ಹೊರಡುವ ಮುನ್ನ ರೋಶ್‌ಫೋರ್‌ನ ರಾಜ ಹಗ್ಗದ ಕಾರ್ಖಾನೆಯನ್ನು ನೋಡಬೇಕು. ಹಗ್ಗ ಹೊಸೆಯಲು ಉದ್ದ ಬೇಕು. ಆದ್ದರಿಂದ ಕಟ್ಟಡವೇ 374 ಮೀಟರ್ ಉದ್ದ. ನೆಲ ಜೌಗಾದ್ದರಿಂದ ಅಡಿಪಾಯಕ್ಕೆ ಓಕ್ ಮರದ ತೊಲೆಗಳನ್ನು ತೆಪ್ಪದಂತೆ ಹಾಸಿದರು. ನದಿ ದಾಟಿಸುವುದು 1900ರ ತೂಗುಸಾಗಣೆ ಸೇತುವೆ. ಎತ್ತರದ ಹಡಗುಗಳಿಗೆ ದಾರಿ ಬಿಡಲೆಂದು ತೊಲೆಯನ್ನು 50 ಮೀಟರ್ ಮೇಲಿಟ್ಟು, ಅದರಿಂದ ತೂಗಬಿಟ್ಟ ವೇದಿಕೆಯೊಂದು ಜನರನ್ನೂ ಸೈಕಲ್ಲುಗಳನ್ನೂ ಹೊತ್ತು ಆಚೆ ದಡಕ್ಕೆ ಜಾರುತ್ತದೆ. ಈ ಬಗೆಯ ಸೇತುವೆ ಫ್ರಾನ್ಸಿನಲ್ಲಿ ಉಳಿದಿರುವುದು ಇದೊಂದೇ. ಅಲ್ಲಿಂದ ಮುಂದೆ ದಾರಿ ಚಪ್ಪಟೆ. ಏರು ಇಲ್ಲವೆಂದು ಹಿಗ್ಗಬೇಡಿ. ಪಡುವಣ ಗಾಳಿ ಎದುರಾದರೆ ಏರೇ ವಾಸಿ ಅನ್ನಿಸುತ್ತದೆ. ಹಾದಿಯ ಎರಡೂ ಬದಿಗೆ ನೆಲ ಅಲೆಯಂತೆ ಉಬ್ಬುತ್ತ ತಗ್ಗುತ್ತ ಹೋಗುತ್ತದೆ. ಉಬ್ಬುಗಳು ಹಳೆಯ ಮಡಿಗಳ ದಂಡೆಗಳು, ತಗ್ಗುಗಳು ಹಳೆಯ ಮಡಿಗಳು. ಕಂಬಗಳ ಮೇಲೆ ಬಿಳಿ ಕೊಕ್ಕರೆಗಳ ಗೂಡು.

ಉಪ್ಪು ನಿಂತ ಮೇಲೆ ಈ ತಗ್ಗುಗಳಲ್ಲಿ ಸಿಹಿನೀರು ಕೊಳೆತು ಮಲೇರಿಯಾ ಹಬ್ಬಿತು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಬ್ರುವಾಜ್ ಪಾದ್ರಿಗಳನ್ನು ಕೂಡಿಹಾಕುವ ಸೆರೆಮನೆಯಾಯಿತು. 1818ರಲ್ಲಿ ಮರೆನ್ ಉಪವಿಭಾಗದ ಅಧಿಕಾರಿಯಾಗಿ ಬಂದ ಶಾರ್ಲ್ ಎಸ್ಪ್ರಿ ಲ ತೆರ್ಮ್ ಕಾಲುವೆ ತೋಡಿಸಿ, ತೂಬು ರಿಪೇರಿ ಮಾಡಿಸಿ, ನೀರನ್ನು ಯಾರು ಯಾವಾಗ ಬಿಡಬೇಕೆಂಬ ಕಟ್ಟಳೆ ಬರೆದು, ಜ್ವರವನ್ನು ಹಿಮ್ಮೆಟ್ಟಿಸಿದ. ಕಾರ್ಡಿನಲ್ ರಿಶೆಲ್ಯೂನ ಲಾಂಛನವನ್ನು ಗೋಡೆಗೋಡೆಗೂ ಕೆತ್ತಿದ್ದಾರೆ. ಈ ಸೀಮೆಯಲ್ಲಿ ಜನ ಬದುಕುವಂತೆ ಮಾಡಿದವನು ಮಾತ್ರ ಒಬ್ಬ ಗುಮಾಸ್ತಗಿರಿಯ ಅಧಿಕಾರಿ.

ದಕ್ಷಿಣಕ್ಕೆ ಸಾಗಿದರೆ ಮರೆನ್. ಅಲ್ಲಿನ ಇಗರ್ಜಿಯ 85 ಮೀಟರ್ ಎತ್ತರದ ಗೋಪುರ ನಾವಿಕರಿಗೆ ದಿಕ್ಕು ತೋರುವ ಗುರುತಾಗಿತ್ತು. ಮರೆನ್ನಿನವರು ಹಳೆಯ ಉಪ್ಪಿನ ಮಡಿಗಳನ್ನು ಬಿಡಲಿಲ್ಲ. ಅವುಗಳಲ್ಲಿ ಸಿಂಪಿ ಸಾಕುತ್ತಾರೆ. ಕಡಲಲ್ಲಿ ಬೆಳೆದ ಸಿಂಪಿಯನ್ನು ತಂದು ಈ ಕೊಳಗಳಲ್ಲಿ ಬಿಟ್ಟರೆ, ನೀಲಿ ಬಣ್ಣ ಸ್ರವಿಸುವ ಸೂಕ್ಷ್ಮ ಪಾಚಿಯೊಂದರಿಂದ ಅದರ ಕಿವಿರು ಹಸುರಾಗುತ್ತದೆ. ಪೇಟೆಯಲ್ಲಿ ಬೆಲೆ ಏರುವುದು ಆ ಹಸುರಿಗೆ.

ಅಲ್ಲಿಂದ ಸ್ವಲ್ಪ ಮುಂದೆ, ಓಲೆರೋನ್ ದ್ವೀಪದ ಎದುರಿಗೆ, ರೋಶ್‌ಫೋರ್‌ನ ಕಾವಲಿಗೆಂದು 1691ರಲ್ಲಿ ಆರಂಭಿಸಿದ ಲೂವ್ವಾ ಕೋಟೆ ಕಡಲೊಳಗೆ ನಿಂತಿದೆ. ಸೈಕಲ್ಲನ್ನು ದಡದಲ್ಲಿ ಬಿಟ್ಟು, ಇಳಿತದ ಹೊತ್ತಿನಲ್ಲಿ ಕಲ್ಲುಹಾಸಿನ ದಾರಿಯಲ್ಲಿ ನಡೆದೇ ಹೋಗಬಹುದು. ಉಬ್ಬರ ಏರಿದರೆ ದೋಣಿ ಹಿಡಿಯಬೇಕು. ಹೊರಡುವ ಮೊದಲು ಭರತ-ಇಳಿತದ ವೇಳಾಪಟ್ಟಿ ನೋಡಿಕೊಳ್ಳುವುದು ಮೇಲು.